ಪಿ.ಎಚ್.ಪಿ. ಭಾಷೆಯಲ್ಲಿ ‘ಏಕಮಾತ್ರ ವಸ್ತು’: ಒಂದು ಇತಿಹಾಸವಿಚಾರ

ತಾಲೂಕಿಗೆ ಮುಖ್ಯಸ್ಥಳವು ಒಂದೇ. ದಾಂಡೇಲಿಯು ಹಳಿಯಾಳ ತಾಲೂಕಿಗೆ ಸೇರಿದ್ದಷ್ಟು ಕಾಲ ಎರಡೂ ಊರಿನವರಿಗೆ ಆ ಮಾತು ಹಳಿಯಾಳವನ್ನೇ ಸೂಚಿಸುತ್ತಿದ್ದಿತು. 2017-18ರಲ್ಲಿ ಹೊಸ ತಾಲೂಕುಗಳು ಏರ್ಪಟ್ಟು ದಾಂಡೇಲಿಯು ಬೇರೆಯಾದ ಮೇಲೆ ಮುಖ್ಯಸ್ಥಳಗಳು ಎರಡಾದುವು. ಆದರೆ ನಿಯಮವು ಎಲ್ಲಿಯೂ ಭಂಗವಾಗಲಿಲ್ಲ. ಇದರಿಂದ ಸಿದ್ಧವಾಗುವುದೇನೆಂದರೆ, ‘ಒಂದೇ’ ಎಂಬುದು ವಸ್ತುವಿನ ಗುಣವಲ್ಲ. ಎಣಿಸುವ ಮೇರೆಗೆ ಸೇರಿದ ಮಾತು. ಅಂತರ್ಜಾಲದ ಪುಟಗಳನ್ನು ರಚಿಸುವ ಪಿ.ಎಚ್.ಪಿ. ಎಂಬ ಗಣಕಭಾಷೆಯಲ್ಲಿ ‘ಸಿಂಗಲ್‌ಟನ್’ ಎಂಬ ಏಕಮಾತ್ರ ವಸ್ತುವಿನ ಚರಿತ್ರೆಯನ್ನು ಪರಿಶೀಲಿಸುವವರು ಈ ಮೇರೆಯನ್ನು ಮರೆತರೆ ದಾರಿ ತಪ್ಪುವರೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಹೆಸರು ಬಳಕೆಗೆ ಬಂದುದು ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ ಎಂಬ ನಾಲ್ವರು 1994ರಲ್ಲಿ ಪ್ರಕಟಿಸಿದ ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಗ್ರಂಥದಿಂದ. ಅದರಲ್ಲಿ ವಿವರಿಸಿದ 23 ರಚನಾಕ್ರಮಗಳಲ್ಲಿ ಇದೂ ಒಂದು. ಒಂದು ವರ್ಗದಿಂದ ಒಂದೇ ವಸ್ತು ಹುಟ್ಟತಕ್ಕದ್ದು. ಯಾರು ಎಲ್ಲಿಂದ ಕೇಳಿದರೂ ಅದನ್ನೇ ಕೊಡತಕ್ಕದ್ದು. ಇದೇ ಅದರ ತಾತ್ಪರ್ಯ. ಈ ಕ್ರಮವು ಪಿ.ಎಚ್.ಪಿ.ಗೆಂದು ಹುಟ್ಟಿದುದಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ರಾಸ್ಮಸ್ ಲೆರ್ಡಾರ್ಫ್ ಎಂಬಾತನು 1995ರಲ್ಲಿ ಲೋಕಕ್ಕೆ ಕೊಟ್ಟ ಪಿ.ಎಚ್.ಪಿ.ಯು ಆಗ ಕೆಲವು ಸಣ್ಣ ಉಪಕರಣಗಳ ಕಟ್ಟು ಮಾತ್ರ. ವರ್ಗ, ವಸ್ತುಗಳ ಪ್ರಸಕ್ತಿ ಬಂದುದು 1998ರ ಮೂರನೆಯ ಆವೃತ್ತಿಯಲ್ಲಿ.

2000ದಲ್ಲಿ ಹೊರಟ ನಾಲ್ಕನೆಯ ಆವೃತ್ತಿಯಲ್ಲಿ ಏಕಮಾತ್ರ ವಸ್ತುವಿನ ಪಾಡು ವಿಚಿತ್ರವಾದುದು. ಅಲ್ಲಿ ಒಂದು ಹೆಸರಿನಲ್ಲಿದ್ದ ವಸ್ತುವನ್ನು ಇನ್ನೊಂದು ಹೆಸರಿಗೆ ಕೊಟ್ಟಮಾತ್ರಕ್ಕೆ ವಸ್ತುವಿನ ಪ್ರತಿಯೇ ಹುಟ್ಟುತ್ತಿದ್ದಿತು. ಸೂಪಾ ಊರು ಕಾಳೀ ಜಲಾಶಯದಲ್ಲಿ ಮುಳುಗಿದಾಗ ತಾಲೂಕಿನ ಮುಖ್ಯಸ್ಥಳವು ಜೋಯಿಡಾಕ್ಕೆ ಹೋಯಿತಷ್ಟೆ. ಊರೂ ಹೆಸರೂ ಬೇರೆಯಾದುವು, ತಾಲೂಕು ಎರಡಾಗಲಿಲ್ಲ. ನಾಲ್ಕನೆಯ ಆವೃತ್ತಿಯಲ್ಲಾದುದು ಇದರ ವಿಪರ್ಯಯ: ಹೆಸರು ಬೇರೆಯಾದೊಡನೆ ವಸ್ತುವೇ ಎರಡು. ಇದನ್ನು ತಪ್ಪಿಸಲು ‘&’ ಎಂಬ ಚಿಹ್ನೆಯನ್ನು ಹೆಜ್ಜೆಹೆಜ್ಜೆಗೂ ಬರೆಯಬೇಕಾಗಿದ್ದಿತು; ಒಂದು ಕಡೆ ಮರೆತರೂ ಮೊದಲನೆಯದರಲ್ಲಿ ಮಾಡಿದ ಬದಲಾವಣೆ ಎರಡನೆಯದಕ್ಕೆ ತಿಳಿಯುತ್ತಿರಲಿಲ್ಲ. ಮತ್ತೊಂದು ತೊಡಕು: ‘ಸ್ಟ್ಯಾಟಿಕ್’ ಎಂದು ಗುರುತುಮಾಡಿದ ಚರಕ್ಕೆ ಈ ಚಿಹ್ನೆಯ ಮೂಲಕ ವಸ್ತುವನ್ನು ಒಪ್ಪಿಸಿದರೆ, ಮುಂದಿನ ಸಲ ಕೇಳುವಾಗ ಆ ಚರವು ಬರಿದಾಗಿರುತ್ತಿತ್ತು. ಕಾಪಾಡಬೇಕಾದ ಪೆಟ್ಟಿಗೆಯೇ ಒಡವೆಯನ್ನು ಮರೆತಂತೆ!

2004ರ ಜುಲೈ ತಿಂಗಳಲ್ಲಿ ಐದನೆಯ ಆವೃತ್ತಿಯು ಈ ದೋಷಗಳನ್ನು ನೀಗಿತು. ಅಂದಿನಿಂದ ಹೆಸರಿನಿಂದ ಹೆಸರಿಗೆ ಸಾಗುವುದು ವಸ್ತುವಲ್ಲ, ವಸ್ತುವಿನ ಗುರುತು. ವರ್ಗದ ನಿರ್ಮಾಣವಿಧಿಯನ್ನು ಹೊರಗಿನವರು ಮುಟ್ಟದಂತೆ ‘ಪ್ರೈವೇಟ್’ ಎನ್ನಬಹುದಾಯಿತು. ಪ್ರತಿಮಾಡುವ ವಿಧಿಯನ್ನೂ ಹಾಗೆಯೇ ಮುಚ್ಚಬಹುದಾಯಿತು. ಪಿ.ಎಚ್.ಪಿ.ಯಲ್ಲಿ ನಿಜವಾದ ಸಿಂಗಲ್‌ಟನ್ ಹುಟ್ಟಿದುದು ಆಗಲೇ ಎಂದು ಹೇಳುವವರುಂಟು. ಈ ಮತವು ಅರ್ಧ ಮಾತ್ರ ಸರಿ. ವಸ್ತುವನ್ನು ಅಕ್ಷರಮಾಲೆಯಾಗಿ ಬರೆದಿಟ್ಟು ಮತ್ತೆ ಎಬ್ಬಿಸಿದರೆ, ಆ ದಾರಿಯನ್ನೂ ಮುಚ್ಚಿರದ ಪಕ್ಷದಲ್ಲಿ, ಎರಡನೆಯ ವಸ್ತು ಏಳುವುದು. ಆದರೆ ಇದು ಸಣ್ಣ ಮಾತು. ಮುಖ್ಯವಾದ ಆಕ್ಷೇಪವು ಬೇರೆ.

ಪಿ.ಎಚ್.ಪಿ.ಯು ಸಾಮಾನ್ಯವಾಗಿ ನಡೆಯುವ ರೀತಿಯಲ್ಲಿ, ಓದುಗನಿಂದ ಬರುವ ಪ್ರತಿಯೊಂದು ಕೋರಿಕೆಗೂ ಅದರ ಸ್ಮೃತಿಯು ಬರಿದಾಗಿ ಆರಂಭವಾಗುವುದು. ಪುಟವನ್ನು ಕಳುಹಿಸಿದೊಡನೆ ಅಳಿಯುವುದು. ಕನ್ನಡ ವಿಕಿಪೀಡಿಯವನ್ನು ನಡೆಸುವ ‘ಮೀಡಿಯಾವಿಕಿ’ ಈ ಭಾಷೆಯಲ್ಲಿಯೇ ಬರೆದುದು. ಹಳಿಯಾಳದಲ್ಲೊಬ್ಬರು, ಮುಂಡಗೋಡದಲ್ಲೊಬ್ಬರು ಒಂದೇ ಲೇಖನವನ್ನು ಒಂದೇ ಕ್ಷಣದಲ್ಲಿ ತಿದ್ದಿ ಉಳಿಸಹೊರಟರೆನ್ನೋಣ. ಇಬ್ಬರ ಕೋರಿಕೆಗೂ ಬೇರೆಬೇರೆ ‘ಏಕಮಾತ್ರ’ ವಸ್ತುಗಳು ಹುಟ್ಟುವುವು. ಒಂದಕ್ಕೆ ಇನ್ನೊಂದರ ಸುಳಿವೇ ಇಲ್ಲ. ಇವರ ತಿದ್ದುಪಡಿಗಳು ಡಿಕ್ಕಿಯಾದುದು ಗೊತ್ತಾಗುವುದು, ಡೇಟಾಬೇಸಿನಲ್ಲಿರುವ ಲೇಖನದ ಆವೃತ್ತಿಗಳನ್ನು ಹೋಲಿಸುವುದರಿಂದಲೇ ಹೊರತು ಸಿಂಗಲ್‌ಟನ್ನಿನಿಂದಲ್ಲ. ಬಂದ ಓದುಗರ ಸಂಖ್ಯೆಯನ್ನು ಇಂತಹ ವಸ್ತುವಿನಲ್ಲಿ ಎಣಿಸಹೊರಟವನಿಗೆ ಎಂದಿಗೂ ಸಿಕ್ಕುವ ಉತ್ತರ 1. ಜಾವಾ ಮೊದಲಾದ ಭಾಷೆಗಳಲ್ಲಿ ದಿನಗಟ್ಟಲೆ ಬದುಕುವ ವಸ್ತುವನ್ನು ಕಂಡವರು ಇಲ್ಲಿ ಬೆರಗಾಗುವುದು ಸಹಜ.

ಕೋರಿಕೆಯ ಮೇರೆಯೊಳಗೂ ‘ಒಂದೇ’ ಎಂಬ ಭಾವನೆ ಸದಾ ಕ್ಷೇಮಕರವಲ್ಲ. ಮೀಡಿಯಾವಿಕಿಯಲ್ಲಿ ‘$ಡಬ್ಲ್ಯುಜಿಯೂಸರ್’ ಎಂಬ ಸಾರ್ವತ್ರಿಕ ಚರವೊಂದು ಬಹುಕಾಲ ‘ಈಗಿನ ಸದಸ್ಯ’ನನ್ನು ಹಿಡಿದಿದ್ದಿತು, ಒಂದು ಕೋರಿಕೆಗೆ ಒಬ್ಬನೇ ಸದಸ್ಯನೆಂಬುದು ಅದರ ಆಧಾರ. ಒಬ್ಬನ ಪರವಾಗಿ ಮತ್ತೊಂದು ಕೆಲಸವನ್ನು ಹಿನ್ನೆಲೆಯಲ್ಲಿ ನಡೆಸುವಾಗ, ಪರೀಕ್ಷೆಗಾಗಿ ಹಲವರನ್ನು ಕಲ್ಪಿಸುವಾಗ ಆ ಆಧಾರ ಕುಸಿಯುವುದು. 2016ರ 1.27ನೆಯ ಆವೃತ್ತಿಯಿಂದ ಇಂತಹ ವಸ್ತುಗಳನ್ನು ಒಂದು ಸೇವಾಭಂಡಾರದ ಮೂಲಕ ಒದಗಿಸುವ ಪದ್ಧತಿ ತೊಡಗಿತು, 2020ರ 1.35ರಲ್ಲಿ ಮೇಲ್ಕಂಡ ಚರವನ್ನು ವರ್ಜ್ಯವೆಂದು ಸಾರಿದರು. ಇತ್ತ ‘ಸ್ವೂಲ್’, ‘ರೋಡ್‌ರನ್ನರ್’ ಮುಂತಾದ ಸಾಧನಗಳು ಪಿ.ಎಚ್.ಪಿ.ಯ ಸ್ಮೃತಿಯನ್ನು ಕೋರಿಕೆಯಿಂದ ಕೋರಿಕೆಗೆ ಉಳಿಸತೊಡಗಿದುವು. ಮೇರೆ ಹಿಗ್ಗಿತು, ಅದರೊಡನೆ ಭಯವೂ ಹಿಗ್ಗಿತು. ಮೊದಲ ಓದುಗನ ಹೆಸರನ್ನು ಹೊತ್ತ ವಸ್ತುವು ತೊಳೆಯಲ್ಪಡದೆ ಉಳಿದರೆ, ಎರಡನೆಯವನ ಖಾಸಗಿ ಪುಟವು ಮೊದಲಿನವನ ವಿವರಗಳನ್ನು ತೋರಿಸಬಹುದು. ಹಳೆಯ ಅಲ್ಪಾಯುಸ್ಸೇ ಒಂದು ರಕ್ಷೆಯಾಗಿದ್ದಿತೆಂಬುದು ಆಗ ಹಲವರಿಗೆ ತಿಳಿದುಬಂದಿತು.

2021ರ ನವೆಂಬರಿನಲ್ಲಿ ಹೊರಟ 8.1ನೆಯ ಆವೃತ್ತಿಯಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ತಾಯಿವರ್ಗದ ವಿಧಿಯೊಳಗಿನ ಸ್ಟ್ಯಾಟಿಕ್ ಚರವು ಅಲ್ಲಿಯವರೆಗೆ ಪ್ರತಿ ಮಗುವರ್ಗಕ್ಕೂ ಬೇರೆಯಾಗಿದ್ದಿತು. ಮಗುವರ್ಗವು ಆ ವಿಧಿಯನ್ನು ತಾನೇ ಹೊಸದಾಗಿ ಬರೆಯದಿದ್ದರೆ ಈಗ ಎಲ್ಲಕ್ಕೂ ಒಂದೇ. ಅಂದರೆ ಒಂದಕ್ಷರವೂ ತಿದ್ದದ ಬರೆಹವು ಹಿಂದೆ ವರ್ಗಕ್ಕೊಂದು ವಸ್ತು ಕೊಡುತ್ತಿದ್ದುದು, ಈಗ ಕುಲಕ್ಕೆಲ್ಲ ಒಂದನ್ನು ಕೊಡುವುದು. ಎರಡನೆಯದು ‘ಈನಮ್’ ಎಂಬ ಗಣನಾಜಾತಿ: ಅದರ ಪ್ರತಿಯೊಂದು ಸದಸ್ಯವೂ ಭಾಷೆಯ ಶಾಸನದಿಂದಲೇ ಏಕಮಾತ್ರ ವಸ್ತು. ಅದನ್ನು ಹೊಸದಾಗಿ ನಿರ್ಮಿಸುವಂತಿಲ್ಲ, ಪ್ರತಿಮಾಡುವಂತಿಲ್ಲ. ಅಕ್ಷರಮಾಲೆಯಿಂದ ಎಬ್ಬಿಸಿದರೂ ಮೊದಲಿನದೇ ಏಳುವುದು. ಪ್ರೋಗ್ರಾಮರು ಹದಿನೇಳು ವರ್ಷ ಕೈಯಾರೆ ಕಟ್ಟಿದ ಬೇಲಿಯನ್ನು ಭಾಷೆಯೇ ಕಟ್ಟಿಕೊಟ್ಟಿತು. ಸಾಮಾನ್ಯ ರೀತಿಯಲ್ಲಿ ನಡೆಯುವಲ್ಲಿ, ಕೋರಿಕೆ ತೀರಿದೊಡನೆ ಈ ವಸ್ತುವೂ ತೀರುವುದು.