ಮಕ್ಕಳ ಸೊಂಟದ ಕೀಲುನೋವು: ರೋಗನಿರ್ಣಯದ ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಮಗುವೊಂದು ಕುಂಟತೊಡಗಿದರೆ ವೈದ್ಯರು ಮೊದಲು ಶಂಕಿಸುತ್ತಿದ್ದುದು ಮೂಳೆಯ ಕ್ಷಯವನ್ನು. ಸೊಂಟದ ಕೀಲು ದಪ್ಪ ಸ್ನಾಯುಗಳ ಅಡಿಯಲ್ಲಿದೆ, ಅಲ್ಲಿನ ಬಾವು ಹೊರಗೆ ಕಾಣದು. ನೋವು ನರದ ಹಾದಿ ಹಿಡಿದು ಮಂಡಿಗೆ ಇಳಿಯುವುದರಿಂದ ಮಗು ಮಂಡಿಯನ್ನೇ ತೋರಿಸುತ್ತದೆ. ಮಂಡಿಯ ಎಕ್ಸ್‌ರೇ ಮಾತ್ರ ತೆಗೆಸಿ ರೋಗವನ್ನು ಕೈತಪ್ಪಿಸಿಕೊಳ್ಳುವುದು ಇಂದಿಗೂ ನಿಂತಿಲ್ಲ. 1874ರಲ್ಲಿ ಲಂಡನ್ನಿನ ಥಾಮಸ್ ಸ್ಮಿತ್ ಹಸುಗೂಸುಗಳ ಕೀಲಿನಲ್ಲಿ ಕೀವು ತುಂಬುವ ರೋಗವನ್ನು ಬೇರೆಯಾಗಿ ವರ್ಣಿಸಿದರು. ಉಳಿದ ಬಹುಪಾಲು ನೋವುಗಳು ಕ್ಷಯದ ಹೆಸರಿನಲ್ಲೇ ಉಳಿದವು. ಆ ಹೆಸರು ಬಿದ್ದ ಮಗು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ.

1895ರಲ್ಲಿ ರಾಂಟ್‌ಜನ್ ಎಕ್ಸ್ ಕಿರಣವನ್ನು ಕಂಡುಹಿಡಿದ ಮೇಲೂ ಕಣ್ಣು ತೆರೆಯಲು ಸಮಯ ಹಿಡಿಯಿತು. ಸ್ವೀಡನ್ನಿನ ಹೆನ್ನಿಂಗ್ ವಾಲ್ಡೆನ್‌ಸ್ಟ್ರಾಮ್ 1909ರಲ್ಲಿ ತೊಡೆಮೂಳೆಯ ತಲೆ ಚಪ್ಪಟೆಯಾದ ಚಿತ್ರಗಳನ್ನು ಪ್ರಕಟಿಸಿದರು. ಆದರೆ ಅದನ್ನು ಕ್ಷಯದ ಸೌಮ್ಯ ರೂಪವೆಂದೇ ಬಗೆದರು. ಮರುವರ್ಷ, 1910ರಲ್ಲಿ, ಬಾಸ್ಟನ್ನಿನ ಆರ್ಥರ್ ಲೆಗ್, ಫ್ರಾನ್ಸಿನ ಝಾಕ್ ಕಾಲ್ವೆ, ಜರ್ಮನಿಯ ಗೇಆರ್ಗ್ ಪೆರ್ಟೆಸ್ ಪರಸ್ಪರ ಸಂಬಂಧವಿಲ್ಲದೆ ಇದು ಬೇರೆಯೇ ರೋಗವೆಂದು ಬರೆದರು. ಲೆಗ್ ಬಳಿ ಇದ್ದವರು ಐದೇ ಮಕ್ಕಳು. ಕಾರಣದ ವಿಷಯದಲ್ಲಿ ಮೂವರಲ್ಲಿ ಒಮ್ಮತವಿರಲಿಲ್ಲ: ಲೆಗ್ ಪೆಟ್ಟನ್ನು ದೂರಿದರು, ಕಾಲ್ವೆ ರಿಕೆಟ್ಸ್ ಅನ್ನು. ತೊಡೆಮೂಳೆಯ ತಲೆಗೆ ರಕ್ತ ತಪ್ಪಿ ಅಲ್ಲಿನ ಮೂಳೆ ಸಾಯುತ್ತದೆ, ಮತ್ತೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆ ಎಂಬುದು ಮುಂದೆ ಸ್ಪಷ್ಟವಾಯಿತು. ರಕ್ತ ಏಕೆ ತಪ್ಪುತ್ತದೆ ಎಂಬ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ. ಕಾರಣ ತಿಳಿಯದಿದ್ದರೂ ರೋಗವನ್ನು ಗುರುತಿಸಿದ್ದೇ ದೊಡ್ಡ ಉಪಕಾರ. ಪೆರ್ಟೆಸ್ ರೋಗವೆಂದು ಹೆಸರಾದ ಇದು ಕರಾವಳಿ ಕರ್ನಾಟಕದಲ್ಲಿ ಗಮನಾರ್ಹವಾಗಿ ಕಾಣಿಸಿಕೊಳ್ಳುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿ, ಇಲ್ಲಿನ ಮಕ್ಕಳಲ್ಲಿ ರೋಗ ಪಶ್ಚಿಮದವರಿಗಿಂತ ತಡವಾದ ವಯಸ್ಸಿನಲ್ಲಿ ತಲೆದೋರುತ್ತದೆಂದು ತೋರಿಸಿದರು.

ಸೊಂಟದ ನೋವಿಗೆ ಬೇರೆ ಕಾರಣಗಳೂ ಇವೆ. ಹರೆಯದವರಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರುವುದನ್ನು ಫ್ರಾನ್ಸಿನ ಆಂಬ್ರೋಯಿಸ್ ಪಾರೆ ಹದಿನಾರನೆಯ ಶತಮಾನದಲ್ಲೇ ಗಮನಿಸಿದ್ದರು. ಆರಂಭದ ಜಾರುವಿಕೆ ಮುಂಭಾಗದ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದು. ಕಾಲುಗಳನ್ನು ಕಪ್ಪೆಯಂತೆ ಮಡಚಿಸಿ ಇನ್ನೊಂದು ಚಿತ್ರ ತೆಗೆಯುವುದು ಅದಕ್ಕಾಗಿಯೇ. 1935ರಲ್ಲಿ ಹೆನ್ರಿ ಜಾಫೆ ವಿವರಿಸಿದ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಪುಟ್ಟ ಗಡ್ಡೆಯ ಸುಳಿವು ಚಿತ್ರಕ್ಕಿಂತ ಮೊದಲು ಮಾತಿನಲ್ಲೇ ಸಿಗುತ್ತದೆ: ನೋವು ರಾತ್ರಿ ಹೆಚ್ಚು, ಆಸ್ಪಿರಿನ್‌ನಂಥ ಮಾತ್ರೆಗೆ ಶಮನ. ಲ್ಯುಕೇಮಿಯಾವೂ ಮೊದಲು ಮೂಳೆನೋವಾಗಿಯೇ ಬರಬಹುದು. ಆದ್ದರಿಂದ ಬಿಡದ ನೋವಿಗೆ ರಕ್ತಪರೀಕ್ಷೆಯನ್ನು ಮುಂದೂಡಬಾರದು.

1980ರ ದಶಕದಲ್ಲಿ ಬಂದ ಎಂಆರ್‌ಐ ಕೀಲಿನಾಚೆಗೂ ನೋಟ ಹರಿಸಿತು. ಸೊಂಟದ ಒಳಗೋಡೆಯ ಆಬ್ಚ್ಯುರೇಟರ್ ಸ್ನಾಯುವಿನಲ್ಲಿ ಸೋಂಕು ತಗುಲಿದ ಮಗುವಿಗೆ ಜ್ವರ ಬರುತ್ತದೆ, ಕಾಲೂರಲು ಆಗದು. ಲಕ್ಷಣಗಳೆಲ್ಲ ಕೀಲಿನ ಕೀವಿನವೇ, ಆದರೆ ಅಲ್ಟ್ರಾಸೌಂಡ್‌ನಲ್ಲಿ ಕೀಲು ಸರಿಯಾಗಿರುತ್ತದೆ. ಹಿಂದೆ ಇಂಥ ಮಕ್ಕಳಿಗೆ ಅಪೆಂಡಿಸೈಟಿಸ್ ಎಂದು ಹೊಟ್ಟೆ ತೆರೆದದ್ದೂ ಉಂಟು. ಈಗ ಎಂಆರ್‌ಐಯಿಂದ ಬೇಗ ಗುರುತಿಸಿದರೆ ಬಹುತೇಕ ಮಕ್ಕಳು ಶಸ್ತ್ರಚಿಕಿತ್ಸೆಯಿಲ್ಲದೆ ಆಂಟಿಬಯೋಟಿಕ್‌ನಿಂದಲೇ ಗುಣವಾಗುತ್ತಾರೆ.