ಆರು ತಿಂಗಳಿಗೊಮ್ಮೆ ಅಮೆರಿಕಕ್ಕೆ ಹೋಗಿಬಂದರೆ ಗ್ರೀನ್ ಕಾರ್ಡ್ ಉಳಿಯುತ್ತದೆಯೇ?

ಮಕ್ಕಳು ಅಮೆರಿಕದಲ್ಲಿ, ತಂದೆ-ತಾಯಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ. ಇಂಥ ಕುಟುಂಬಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಲಹೆ ಆಗಾಗ ತಿರುಗುತ್ತಿರುತ್ತದೆ. ಗ್ರೀನ್ ಕಾರ್ಡ್ ಇದ್ದವರು ಆರು ತಿಂಗಳು ತುಂಬುವುದರೊಳಗೆ ಒಮ್ಮೆ ಅಮೆರಿಕಕ್ಕೆ ಹೋಗಿ ಎರಡು ವಾರ ಇದ್ದು ಬಂದರೆ ಸಾಕು, ಕಾರ್ಡಿಗೆ ಏನೂ ಆಗುವುದಿಲ್ಲ ಎಂಬುದು ಅದರ ಸಾರಾಂಶ. ಕಾರ್ಡಿನ ಮೇಲೆ ಹತ್ತು ವರ್ಷದ ಅವಧಿ ಅಚ್ಚಾಗಿದೆ, ಅಲ್ಲಿಯವರೆಗೆ ಯಾರೂ ಏನೂ ಮಾಡುವಂತಿಲ್ಲ ಎಂದು ಹೇಳುವವರೂ ಇದ್ದಾರೆ.

ಎರಡೂ ಪೂರ್ತಿ ನಿಜವಲ್ಲ. ಈ ಮಾತನ್ನು ನಂಬಿ ವರ್ಷಗಟ್ಟಲೆ ಓಡಾಡಿದವರು ಒಂದು ದಿನ ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡಲಾಗದೆ ನಿಲ್ಲಬೇಕಾಗಬಹುದು. ಕಾನೂನು ಏನು ಹೇಳುತ್ತದೆ, ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

ಗ್ರೀನ್ ಕಾರ್ಡ್ ಎಂಬುದು ಅಮೆರಿಕಕ್ಕೆ ಹೋಗಿಬರುವ ಪಾಸ್ ಅಲ್ಲ, ಅಲ್ಲಿ ಕಾಯಂ ಆಗಿ ವಾಸ ಮಾಡಲು ಕೊಟ್ಟ ಅನುಮತಿ. ನಿಮ್ಮ ನಿಜವಾದ ಮನೆ ಅಮೆರಿಕದಲ್ಲಿದೆ, ಹೊರದೇಶದಲ್ಲಿರುವುದು ತಾತ್ಕಾಲಿಕ ಎಂದು ತೋರಿಸಲು ಆಗುವವರೆಗೆ ಮಾತ್ರ ಅದು ಭದ್ರ. ದಿನಗಳ ಲೆಕ್ಕ ಮುಖ್ಯವೇ, ಆದರೆ ದಿನಗಳ ಲೆಕ್ಕವೊಂದೇ ಸಾಲದು.

ಕಾರ್ಡ್ ಬೇರೆ, ಸ್ಥಾನಮಾನ ಬೇರೆ

ಸಾಮಾನ್ಯ ಗ್ರೀನ್ ಕಾರ್ಡಿನ ಅವಧಿ 10 ವರ್ಷ. ಈ ಅವಧಿ ಕೈಯಲ್ಲಿರುವ ಕಾರ್ಡಿನದು, ಕಾಯಂ ನಿವಾಸಿ ಎಂಬ ಸ್ಥಾನಮಾನದ್ದಲ್ಲ. ಕಾರ್ಡಿನ ದಿನಾಂಕ ಮುಗಿದ ಮಾತ್ರಕ್ಕೆ ಸ್ಥಾನಮಾನ ಹೋಗುವುದಿಲ್ಲ, ಐ-90 ಅರ್ಜಿ ಹಾಕಿ ಹೊಸ ಕಾರ್ಡ್ ಪಡೆಯಬಹುದು. ಹಾಗೆಯೇ ಕಾರ್ಡಿನಲ್ಲಿ ಇನ್ನೂ ಏಳು ವರ್ಷ ಬಾಕಿ ಇದ್ದರೂ ಅಮೆರಿಕದ ವಾಸವನ್ನು ಬಿಟ್ಟಿದ್ದೀರಿ ಎಂದು ತೀರ್ಮಾನವಾದರೆ ಸ್ಥಾನಮಾನ ಹೋಗಬಹುದು.

ಮದುವೆಯ ಆಧಾರದಲ್ಲಿ ಹೊಸದಾಗಿ ಸಿಗುವ 2 ವರ್ಷದ ಷರತ್ತುಬದ್ಧ ಕಾರ್ಡಿನ ಕಥೆ ಬೇರೆ. ಅದರ ಅವಧಿ ಮುಗಿಯುವ ಮೊದಲಿನ 90 ದಿನಗಳಲ್ಲಿ ಷರತ್ತು ತೆಗೆಯುವಂತೆ ಐ-751 ಅರ್ಜಿ ಹಾಕಬೇಕು. ಹಾಕದಿದ್ದರೆ ಕಾರ್ಡಿನ ಜತೆ ಸ್ಥಾನಮಾನವೂ ಮುಗಿಯುತ್ತದೆ. ಊರಿಗೆ ಬಂದು ದಿನಾಂಕ ಮರೆತವರಿಗೆ ಇದು ದೊಡ್ಡ ಪೆಟ್ಟು.

ಆರು ತಿಂಗಳ ಮಾತು ಎಲ್ಲಿಂದ ಬಂತು?

ಬುಡವೇ ಇಲ್ಲದ ಮಾತಲ್ಲ ಇದು. ಅಮೆರಿಕದ ವಲಸೆ ಕಾನೂನಿನಲ್ಲಿ ಎರಡು ಗಡಿಗಳಿವೆ.

ಮೊದಲನೆಯದು 180 ದಿನ. ಸತತವಾಗಿ ಇದಕ್ಕಿಂತ ಹೆಚ್ಚು ದಿನ ಹೊರಗಿದ್ದು ಮರಳಿದರೆ ನಿಮ್ಮನ್ನು ಹೊಸದಾಗಿ ಪ್ರವೇಶ ಕೇಳುತ್ತಿರುವವರಂತೆ ಪರಿಗಣಿಸಿ ಪರಿಶೀಲಿಸಬಹುದು. 180 ದಿನದೊಳಗೆ ಮರಳಿದವರಿಗೆ ಸಾಮಾನ್ಯವಾಗಿ ಈ ತೊಡಕಿಲ್ಲ. ಆದರೆ ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಸ್ಥಾನಮಾನವನ್ನು ತೊರೆದವರಿಗೆ ಈ ರಿಯಾಯಿತಿ ಇಲ್ಲ. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಈ ಮಾತೇ.

ಎರಡನೆಯದು ಒಂದು ವರ್ಷ. ಒಂದು ವರ್ಷದೊಳಗಿನ ತಾತ್ಕಾಲಿಕ ಗೈರುಹಾಜರಿಯ ನಂತರ ಮರಳಲು ಗ್ರೀನ್ ಕಾರ್ಡ್ ಸಾಕು. ಒಂದು ವರ್ಷ ತುಂಬಿದ ಮೇಲೆ ಬರೀ ಕಾರ್ಡ್ ಪ್ರವೇಶದ ದಾಖಲೆಯಾಗಿ ನಡೆಯುವುದಿಲ್ಲ.

ನಮ್ಮಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ನಿವಾಸಿಯೋ ಅನಿವಾಸಿಯೋ ಎಂದು ನಿರ್ಧರಿಸಲು 182 ದಿನಗಳ ಲೆಕ್ಕವಿದೆ. ಅದು ತೆರಿಗೆಯ ವಿಷಯ, ಗ್ರೀನ್ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಎರಡೂ ಹತ್ತಿರದ ಸಂಖ್ಯೆಗಳಾದ್ದರಿಂದ ಒಂದರ ನಿಯಮ ಇನ್ನೊಂದಕ್ಕೆ ಅಂಟಿಕೊಂಡುಬಿಡುತ್ತದೆ.

ಹಾಗಾದರೆ ಅಧಿಕಾರಿಗಳು ನೋಡುವುದೇನು?

1975ರಲ್ಲಿ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ ಕೇನ್ ಎಂಬವರ ಪ್ರಕರಣದಲ್ಲಿ ಕೊಟ್ಟ ತೀರ್ಮಾನ ಇಂದಿಗೂ ಈ ವಿಷಯಕ್ಕೆ ಆಧಾರ. ಜಮೈಕಾ ಮೂಲದ ಆ ಮಹಿಳೆಗೆ ಅಮೆರಿಕದ ಕಾಯಂ ವಾಸದ ಅನುಮತಿ ಇತ್ತು. ಆದರೆ ಅವರು ಜಮೈಕಾದಲ್ಲಿ ವಸತಿಗೃಹ ನಡೆಸುತ್ತ ವರ್ಷದ ಹನ್ನೊಂದು ತಿಂಗಳನ್ನು ಅಲ್ಲೇ ಕಳೆಯುತ್ತಿದ್ದರು. ಅನುಮತಿ ಉಳಿಸಿಕೊಳ್ಳಲೆಂದು ವರ್ಷಕ್ಕೊಮ್ಮೆ ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದುಹೋಗುತ್ತಿದ್ದರು. ಮಂಡಳಿ ಇದನ್ನು ಒಪ್ಪಲಿಲ್ಲ.

ಆ ಪ್ರಕರಣದಿಂದ ಮೂರು ಪ್ರಶ್ನೆಗಳು ಉಳಿದುಬಂದವು.

ಒಂದು, ಯಾವ ಕಾರಣಕ್ಕೆ ಅಮೆರಿಕದಿಂದ ಹೊರಟಿರಿ? ಎರಡು, ಆ ಕೆಲಸ ಮುಗಿಯಲು ಒಂದು ಅವಧಿ ಇತ್ತೇ? ಮೂರು, ನಿಮ್ಮ ನಿಜವಾದ ಮನೆ ಅಥವಾ ಉದ್ಯೋಗ ಎಲ್ಲಿದೆ?

ಒಬ್ಬರ ತಾಯಿಗೆ ಮಂಡಿ ಚಿಕಿತ್ಸೆ, ಆರೈಕೆಗೆಂದು ಹುಬ್ಬಳ್ಳಿಗೆ ಬಂದು ಏಳು ತಿಂಗಳು ಉಳಿದರು ಎನ್ನಿ. ಅಮೆರಿಕದಲ್ಲಿ ಅವರ ಕೆಲಸ, ಬಾಡಿಗೆ ಮನೆ, ಬ್ಯಾಂಕ್ ಖಾತೆ ಎಲ್ಲ ಹಾಗೇ ಇವೆ. ಆರು ತಿಂಗಳು ದಾಟಿದ್ದರೂ ಇವರ ಉತ್ತರ ಗಟ್ಟಿ. ಇನ್ನೊಬ್ಬರಿಗೆ ಮೈಸೂರಿನಲ್ಲಿ ಸ್ವಂತ ಮನೆ, ಪಿಂಚಣಿ, ವೈದ್ಯರು, ನೆಂಟರು ಎಲ್ಲ ಇದ್ದಾರೆ. ಅಮೆರಿಕದಲ್ಲಿ ಮಗಳ ಮನೆಯ ಒಂದು ಕೋಣೆ, ವರ್ಷಕ್ಕೆ ಎರಡು ಸಲ ಮೂರು ಮೂರು ವಾರದ ವಾಸ, ಅಷ್ಟೇ. ಒಮ್ಮೆಯೂ ಆರು ತಿಂಗಳು ದಾಟಿಲ್ಲ. ಆದರೂ ಇವರ ಉತ್ತರವೇ ದುರ್ಬಲ. ಅಧಿಕಾರಿಯ ಮುಂದೆ ಪಾಸ್‌ಪೋರ್ಟಿನ ಮುದ್ರೆಗಳು ಮಾತ್ರವಲ್ಲ, ಕಂಪ್ಯೂಟರಿನಲ್ಲಿ ಎಲ್ಲ ಪ್ರಯಾಣಗಳ ದಾಖಲೆಯೂ ಇರುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಅಮೆರಿಕದ ತೆರಿಗೆ ರಿಟರ್ನ್‌ಗಳು, ಮನೆಯ ಬಾಡಿಗೆ ಕರಾರು ಅಥವಾ ಒಡೆತನದ ಪತ್ರ, ಅಲ್ಲಿನ ಚಾಲನಾ ಪರವಾನಗಿ ಅಥವಾ ರಾಜ್ಯದ ಗುರುತಿನ ಚೀಟಿ, ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಊರಿಗೆ ಬಂದ ಕಾರಣ ತೋರಿಸುವ ಆಸ್ಪತ್ರೆಯ ಕಾಗದ, ಇವೆಲ್ಲ ಕೈಗೆಟುಕುವಂತೆ ಇರಲಿ.

ಹೆಚ್ಚು ದಿನ ಇರಬೇಕೆಂದು ಮೊದಲೇ ಗೊತ್ತಿದ್ದರೆ

ಇದಕ್ಕೆಂದೇ ರೀ-ಎಂಟ್ರಿ ಪರ್ಮಿಟ್ ಎಂಬ ದಾಖಲೆ ಇದೆ. ನೋಡಲು ಪಾಸ್‌ಪೋರ್ಟಿನಂತೆಯೇ ಇರುವ ಪುಸ್ತಕ. ಐ-131 ಅರ್ಜಿಯ ಮೂಲಕ ಕೇಳಬೇಕು. ಅರ್ಜಿ ಹಾಕುವಾಗ ನೀವು ಅಮೆರಿಕದಲ್ಲೇ ಇರಬೇಕು ಎಂಬುದು ಮುಖ್ಯ ಷರತ್ತು. ಊರಿಗೆ ಬಂದು ಕುಳಿತು ಮಗನ ಕೈಯಲ್ಲಿ ಅರ್ಜಿ ಹಾಕಿಸಿದರೆ ಆಗದು. ಅರ್ಜಿ ಹಾಕಿದ ಮೇಲೆ ಹೊರಡಬಹುದು, ಆದರೆ ಬೆರಳಚ್ಚು ಕೊಡಲು ಕರೆದರೆ ಅದಕ್ಕೆ ಹಾಜರಾಗಬೇಕಾಗುತ್ತದೆ. ಹಾಗಾಗಿ ಟಿಕೆಟ್ ತೆಗೆಯುವ ಹಿಂದಿನ ವಾರ ನೆನಪಿಸಿಕೊಳ್ಳುವ ಕೆಲಸ ಇದಲ್ಲ.

ಪರ್ಮಿಟ್ ಸಾಮಾನ್ಯವಾಗಿ 2 ವರ್ಷಕ್ಕೆ ಸಿಗುತ್ತದೆ, ಅದನ್ನು ವಿಸ್ತರಿಸಲು ಬರುವುದಿಲ್ಲ. ಮತ್ತೆ ಬೇಕಾದರೆ ಅಮೆರಿಕಕ್ಕೆ ಹೋಗಿ ಹೊಸದಾಗಿ ಕೇಳಬೇಕು. ಹಿಂದಿನ 5 ವರ್ಷಗಳಲ್ಲಿ 4 ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಕೊಡುತ್ತಾರೆ. ಹೊರಗೆ ಹೆಚ್ಚು ದಿನ ಇದ್ದಿರಿ ಎಂಬ ಒಂದೇ ಕಾರಣಕ್ಕೆ ಸ್ಥಾನಮಾನ ತೊರೆದಿದ್ದೀರಿ ಎನ್ನದಂತೆ ಅದು ಕಾಯುತ್ತದೆ. ಬೇರೆ ಪುರಾವೆಗಳು ನಿಮಗೆ ವಿರುದ್ಧವಾಗಿದ್ದರೆ ಪರ್ಮಿಟ್ ಒಂದೇ ಉಳಿಸುವುದಿಲ್ಲ.

ಒಂದು ವರ್ಷ ದಾಟಿಯೇ ಹೋದರೆ

ಪರ್ಮಿಟ್ ಇಲ್ಲದೆ ಒಂದು ವರ್ಷ, ಅಥವಾ ಪರ್ಮಿಟ್ ಇದ್ದೂ ಅದರ ಅವಧಿ ದಾಟಿದವರಿಗೆ ಎಸ್‌ಬಿ-1 ಎಂಬ ಮರಳುವ ನಿವಾಸಿಗಳ ವೀಸಾ ಇದೆ. ಡಿಎಸ್-117 ಅರ್ಜಿಯೊಂದಿಗೆ ಅಮೆರಿಕದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿಗೆ ಹೋಗಬೇಕು. ಹೊರಡುವಾಗ ಮರಳುವ ಉದ್ದೇಶವಿತ್ತು, ಆ ಉದ್ದೇಶ ಇಂದಿಗೂ ಇದೆ, ತಡವಾಗಿದ್ದು ನಿಮ್ಮ ಕೈಮೀರಿದ ಕಾರಣದಿಂದ ಎಂದು ದಾಖಲೆ ಸಮೇತ ತೋರಿಸಬೇಕು.

ಕೈಮೀರಿದ ಕಾರಣ ಎಂದರೇನು ಎಂಬುದಕ್ಕೆ ನಮಗೆಲ್ಲ ನೆನಪಿರುವ ಉದಾಹರಣೆ ಕೊರೊನಾ ಕಾಲದ್ದು. 2020ರ ಮಾರ್ಚ್ 23ರಿಂದ 2022ರ ಮಾರ್ಚ್ 27ರವರೆಗೆ ಭಾರತದಿಂದ ನಿಗದಿತ ಅಂತಾರಾಷ್ಟ್ರೀಯ ವಿಮಾನ ಸೇವೆ ಸ್ಥಗಿತವಾಗಿತ್ತು. ವಿಶೇಷ ವಿಮಾನಗಳು ಹಾರುತ್ತಿದ್ದರೂ ವಯಸ್ಸಾದವರಿಗೆ, ಕಾಯಿಲೆಯವರಿಗೆ ಪ್ರಯಾಣ ಸುಲಭವಿರಲಿಲ್ಲ. ಗಂಭೀರ ಅನಾರೋಗ್ಯವೂ ಇಂಥ ಕಾರಣವಾಗಬಹುದು. ಮೊಮ್ಮಗಳ ಮದುವೆ ಮುಗಿಸಿಕೊಂಡು ಹೋಗೋಣ ಎಂದು ಉಳಿದದ್ದು, ಸೈಟ್ ಮಾರಾಟಕ್ಕೆ ಒಳ್ಳೆಯ ಬೆಲೆ ಬರಲಿ ಎಂದು ಕಾದದ್ದು ಈ ಲೆಕ್ಕಕ್ಕೆ ಬರುವುದು ಕಷ್ಟ.

ವಿಮಾನ ನಿಲ್ದಾಣದಲ್ಲಿ ಐ-407 ಮುಂದಿಟ್ಟರೆ

ಇದೇ ಎಲ್ಲಕ್ಕಿಂತ ಮುಖ್ಯ. ಐ-407 ಎಂಬುದು ಕಾಯಂ ನಿವಾಸಿ ಸ್ಥಾನಮಾನವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇನೆ ಎಂಬ ನಮೂನೆ. ನಿಮ್ಮ ಉತ್ತರ ತೃಪ್ತಿ ತರದಿದ್ದರೆ ವಲಸೆ ಅಧಿಕಾರಿ ಇದಕ್ಕೆ ಸಹಿ ಹಾಕುವಿರಾ ಎಂದು ಕೇಳಬಹುದು. ಇಪ್ಪತ್ತು ತಾಸಿನ ಪ್ರಯಾಣ ಮುಗಿಸಿ ದಣಿದ, ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಯಾವುದೋ ಪ್ರವೇಶದ ಫಾರ್ಮ್ ಎಂದುಕೊಂಡು ಸಹಿ ಹಾಕಿಬಿಡುವ ಅಪಾಯ ಇರುವುದು ಇಲ್ಲೇ.

ಸ್ವಇಚ್ಛೆಯ ನಮೂನೆ ಎಂದ ಮೇಲೆ ಸಹಿ ಕಡ್ಡಾಯವಲ್ಲ. ಸಹಿ ಹಾಕುವುದಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕು ಎಂದು ಕೇಳುವ ಹಕ್ಕು ನಿಮಗಿದೆ. ಅಲ್ಲಿ ನೀವು ಸ್ಥಾನಮಾನ ತೊರೆದಿದ್ದೀರಿ ಎಂದು ಸಾಬೀತುಪಡಿಸುವ ಹೊರೆ ಸರ್ಕಾರದ್ದು, ಅದಕ್ಕೆ ಬೇಕಾದ ಸಾಕ್ಷ್ಯದ ಮಟ್ಟವೂ ಎತ್ತರದ್ದು. ಹಾಗೆಂದು ಇದು ಸುಲಭದ ದಾರಿಯಲ್ಲ. ಪ್ರಕರಣ ತಿಂಗಳುಗಟ್ಟಲೆ ನಡೆಯಬಹುದು, ತಡೆದಿಡುವ ಅಧಿಕಾರವೂ ಅಧಿಕಾರಿಗಳಿಗಿದೆ, ವಕೀಲರ ಖರ್ಚು ನಿಮ್ಮದೇ. ಆದರೆ ಏನೆಂದು ತಿಳಿಯದೆ ಸಹಿ ಹಾಕುವುದಕ್ಕೂ ತಿಳಿದು ತೀರ್ಮಾನಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಹಿರಿಯರನ್ನು ಒಬ್ಬರನ್ನೇ ಕಳಿಸುವವರು ಆ ನಮೂನೆಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಓದಿ ಅರ್ಥವಾಗದ ಯಾವುದಕ್ಕೂ ಸಹಿ ಹಾಕಬೇಡಿ, ಕನ್ನಡ ಭಾಷಾಂತರಕಾರರನ್ನು ಕೇಳಿ ಎಂದು ಹೇಳಿ ಕಳಿಸಿ.

ತೆರಿಗೆ: ಮರೆತರೆ ಎರಡು ಕಡೆ ನಷ್ಟ

ಗ್ರೀನ್ ಕಾರ್ಡ್ ಇರುವವರೆಗೆ ನೀವು ಎಲ್ಲೇ ಇದ್ದರೂ ಅಮೆರಿಕದ ತೆರಿಗೆ ಕಾನೂನಿನ ಪ್ರಕಾರ ಅಲ್ಲಿನ ನಿವಾಸಿ. ಇಲ್ಲಿನ ಬಾಡಿಗೆ, ಬಡ್ಡಿ, ಪಿಂಚಣಿಯನ್ನೂ ಅಲ್ಲಿ ತೋರಿಸಬೇಕಾಗುತ್ತದೆ. ಅಮೆರಿಕದ ಹೊರಗಿನ ನಿಮ್ಮ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿಯನ್ನೂ ಸಲ್ಲಿಸಬೇಕು. ನಮ್ಮ ಬ್ಯಾಂಕಿನ ಎಫ್‌ಡಿಯೂ ಈ ಲೆಕ್ಕಕ್ಕೆ ಸೇರುತ್ತದೆ. ತೆರಿಗೆ ಉಳಿಸಲೆಂದು ನಾನು ಅಮೆರಿಕದ ನಿವಾಸಿಯಲ್ಲ ಎಂದು ರಿಟರ್ನ್ ಸಲ್ಲಿಸಿದರೆ, ಸ್ಥಾನಮಾನ ತೊರೆದದ್ದಕ್ಕೆ ನೀವೇ ಬರೆದುಕೊಟ್ಟ ಪುರಾವೆಯಾಗಬಹುದು.

ತವರಿನಲ್ಲಿ ಹೆರಿಗೆಯಾದರೆ ಮಗುವಿಗೆ?

ಗ್ರೀನ್ ಕಾರ್ಡ್ ಇರುವ ಮಗಳು ಹೆರಿಗೆ, ಬಾಣಂತನಕ್ಕೆ ತವರಿಗೆ ಬರುವುದು ಅಪರೂಪವಲ್ಲ. ತಾಯಿಯ ತಾತ್ಕಾಲಿಕ ಭೇಟಿಯ ವೇಳೆ ಹುಟ್ಟಿದ ಮಗು ವೀಸಾ ಇಲ್ಲದೆಯೂ ಕಾಯಂ ನಿವಾಸಿಯಾಗಿ ಅಮೆರಿಕ ಪ್ರವೇಶಿಸಲು ಅವಕಾಶವಿದೆ. ಷರತ್ತುಗಳು ಎರಡು: ಮಗುವಿಗೆ 2 ವರ್ಷ ತುಂಬಿರಬಾರದು, ಮತ್ತು ಹೆರಿಗೆಯ ನಂತರ ತಂದೆ ಅಥವಾ ತಾಯಿ ಮೊದಲ ಬಾರಿ ಅಮೆರಿಕಕ್ಕೆ ಮರಳುವಾಗಲೇ ಅವರ ಜತೆ ಮಗುವೂ ಹೋಗಬೇಕು. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಒಮ್ಮೆ ಹೋಗಿಬಂದು ಆಮೇಲೆ ಕರೆದೊಯ್ಯುವ ಯೋಚನೆ ಇದ್ದರೆ ಎಚ್ಚರ. ಮಗುವಿನ ಪಾಸ್‌ಪೋರ್ಟ್ ಮತ್ತು ಜನನ ಪ್ರಮಾಣಪತ್ರ ಮೊದಲೇ ಸಿದ್ಧವಿರಲಿ.

ಪೌರತ್ವದ ಲೆಕ್ಕ ಇನ್ನೂ ಬಿಗಿ

ಗ್ರೀನ್ ಕಾರ್ಡ್ ಉಳಿದರೂ ಪೌರತ್ವದ ದಿನ ಮುಂದೆ ಹೋಗಬಹುದು. ಸಾಮಾನ್ಯವಾಗಿ 5 ವರ್ಷದ ನಿರಂತರ ವಾಸ, ಅದರಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕು. ಒಮ್ಮೆಗೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನಿರಂತರತೆ ಮುರಿದಿಲ್ಲ ಎಂದು ನೀವೇ ತೋರಿಸಬೇಕು. ಒಂದು ವರ್ಷವಾದರೆ ಸಾಮಾನ್ಯವಾಗಿ ಮುರಿದಂತೆಯೇ, ರೀ-ಎಂಟ್ರಿ ಪರ್ಮಿಟ್ ಇಲ್ಲಿ ನೆರವಿಗೆ ಬರುವುದಿಲ್ಲ.

ಬೇರೆ ದೇಶಗಳಲ್ಲೂ ಇದೇ ನಿಯಮವೇ?

ಅಲ್ಲ. ಕೆನಡಾದಲ್ಲಿ ದಿನಗಳ ಲೆಕ್ಕವೇ ನೇರ ನಿಯಮ: ಪ್ರತಿ 5 ವರ್ಷದ ಅವಧಿಯಲ್ಲಿ 730 ದಿನ ಅಲ್ಲಿರಬೇಕು. ಬ್ರಿಟನ್ನಿನ ಅನಿರ್ದಿಷ್ಟ ವಾಸದ ಅನುಮತಿ ಸಾಮಾನ್ಯವಾಗಿ ಸತತ 2 ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ತಾನಾಗಿ ರದ್ದಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಹೋಗಿಬರುವ ಅನುಮತಿ ಸಾಮಾನ್ಯವಾಗಿ ಮೊದಲ 5 ವರ್ಷಕ್ಕೆ, ಆಮೇಲೆ ಮರಳುವ ನಿವಾಸಿಗಳ ವೀಸಾ ಬೇಕು. ಟೊರಾಂಟೊದ ನೆಂಟರ ಅನುಭವ ಡಲ್ಲಾಸ್‌ನವರಿಗೆ ಸಲಹೆಯಾಗದು.

ಬಿಟ್ಟುಕೊಡುವುದೂ ಒಂದು ದಾರಿ

ಮನಸ್ಸು ಪೂರ್ತಿ ಊರಿನಲ್ಲೇ ಇದ್ದರೆ ಕಾರ್ಡಿಗಾಗಿ ಇಳಿವಯಸ್ಸಿನಲ್ಲಿ ಆರಾರು ತಿಂಗಳಿಗೆ ವಿಮಾನ ಹತ್ತುವ ಅಗತ್ಯವೇನು ಎಂದು ಮನೆಯವರೆಲ್ಲ ಕುಳಿತು ಯೋಚಿಸಬಹುದು. ತಾವಾಗಿ ಐ-407 ಸಲ್ಲಿಸಿ, ನಂತರ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕುವ ಹಿರಿಯರಿದ್ದಾರೆ. ವೀಸಾ ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಆದರೆ ಮುಂದೆ ಅಲ್ಲೇ ನೆಲೆಸಬೇಕೆನಿಸಿದರೆ ಅಮೆರಿಕದ ಪ್ರಜೆಯಾಗಿರುವ, 21 ವರ್ಷ ತುಂಬಿದ ಮಗ ಅಥವಾ ಮಗಳು ಮತ್ತೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು, ತಂದೆ-ತಾಯಿಯರ ವರ್ಗಕ್ಕೆ ವಾರ್ಷಿಕ ಮಿತಿ ಇಲ್ಲ. ಹಿಂದಿನ 15 ತೆರಿಗೆ ವರ್ಷಗಳಲ್ಲಿ 8 ವರ್ಷವಾದರೂ ಕಾರ್ಡ್ ಹೊಂದಿದ್ದವರು ಬಿಡುವ ಮೊದಲು ತೆರಿಗೆ ಸಲಹೆಗಾರರನ್ನು ಕಾಣಲೇಬೇಕು, ಅವರಿಗೆ ನಿರ್ಗಮನ ತೆರಿಗೆಯ ನಿಯಮಗಳು ಅನ್ವಯಿಸಬಹುದು.

ಫಾರ್ವರ್ಡ್ ಮಾಡುವ ಮುನ್ನ

ಆರು ತಿಂಗಳಿಗೊಮ್ಮೆ ಹೋಗಿಬಂದರೆ ಸಾಕು ಎಂಬುದು ಅರ್ಧ ಸತ್ಯ. ನಿಜವಾದ ಮನೆ ಎಲ್ಲಿದೆ ಎಂಬುದೇ ಪ್ರಶ್ನೆ. ವರ್ಷ ದಾಟುವ ಸಾಧ್ಯತೆ ಇದ್ದರೆ ಅಮೆರಿಕದಲ್ಲಿರುವಾಗಲೇ ಪರ್ಮಿಟಿಗೆ ಅರ್ಜಿ ಹಾಕಿ, ತೆರಿಗೆ ರಿಟರ್ನ್ ತಪ್ಪಿಸಬೇಡಿ, ಅರ್ಥವಾಗದ ಕಾಗದಕ್ಕೆ ಸಹಿ ಬೇಡ. ಈಗಾಗಲೇ ಆರು ತಿಂಗಳು ದಾಟಿದ್ದರೆ ಟಿಕೆಟ್ ತೆಗೆಯುವ ಮೊದಲು ಅಮೆರಿಕದ ವಲಸೆ ವಕೀಲರೊಬ್ಬರ ಜತೆ ಮಾತಾಡಿ. ಅರ್ಜಿಯ ಶುಲ್ಕ ಮತ್ತು ವಿಧಾನ ಬದಲಾಗುತ್ತಿರುತ್ತವೆ, ಅವನ್ನು ಅಮೆರಿಕದ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲೇ ನೋಡಿಕೊಳ್ಳಿ.