ಗಂಟೆಯ ಸದ್ದಿನಲ್ಲಿ ಒಂದು ವಾರ: ಕಾಸರಗೋಡಿನ ಇಗರ್ಜಿಗಳೂ ನಮ್ಮ ಲಿಪಿಯೂ

ಕಾಸರಗೋಡಿನ ಚರಿತ್ರೆಯನ್ನು ಬರೆಯಹೊರಟಾಗಲೆಲ್ಲ ನಾವು ಬೇಕಲದ ಕೋಟೆಯಿಂದಲೋ ಕುಂಬಳೆಯ ಅರಸರಿಂದಲೋ ಆರಂಭಿಸುವುದು ವಾಡಿಕೆ. ಮಧೂರು, ಅನಂತಪುರಗಳ ದೇವಾಲಯಗಳು, ಪಾರ್ತಿಸುಬ್ಬನ ಯಕ್ಷಗಾನ, ಮಂಜೇಶ್ವರದ ಗೋವಿಂದ ಪೈಗಳು, ಕಯ್ಯಾರ ಕಿಞ್ಞಣ್ಣ ರೈಗಳು: ಇವರನ್ನು ನೆನೆಯದೆ ನಮ್ಮ ಯಾವ ಸಮ್ಮೇಳನವೂ ಮುಗಿಯದು, ಮುಗಿಯಲೂಬಾರದು. ಆದರೆ ಅದೇ ಮಂಜೇಶ್ವರದಲ್ಲಿ, ಅದೇ ಕಯ್ಯಾರಿನಲ್ಲಿ ಆದಿತ್ಯವಾರ ಬೆಳಗ್ಗೆ ಗಂಟೆ ಬಾರಿಸುವ ಇಗರ್ಜಿಗಳಿವೆ. ಅಲ್ಲಿ ಸೇರುವವರ ಮನೆಮಾತು ಕೊಂಕಣಿ, ಸಂತೆಯ ಮಾತು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಕಚೇರಿಯಲ್ಲಿ ಬೇಕಾದದ್ದು ಮಲಯಾಳ. ಇವರನ್ನು ಬಿಟ್ಟು ನಾವು ಬರೆದ ಗಡಿನಾಡಿನ ಕಥೆ ಅಪೂರ್ಣವೆಂದೇ ನಮ್ಮ ಎಣಿಕೆ.

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಸಾಗುವ ದಾರಿಯಲ್ಲಿ ಬೇಳ ಎಂಬ ಊರಿದೆ. ಅಲ್ಲಿಯ ಶೋಕಮಾತೆಯ ಇಗರ್ಜಿ 1890ರದು. ಕಂಗು ತೆಂಗುಗಳ ನಡುವೆ ಗಾಥಿಕ್ ಶೈಲಿಯ ಆ ಕಟ್ಟಡವನ್ನು ಮೊದಲ ಬಾರಿ ಕಂಡವರು ತುಸು ನಿಂತೇ ಮುಂದೆ ಹೋಗುತ್ತಾರೆ. ಇದಕ್ಕೆ ನಾಲ್ಕು ವರ್ಷ ಹಿಂದೆ, 1886ರಲ್ಲಿ, ಮಂಗಳೂರು ಧರ್ಮಪ್ರಾಂತ್ಯವಾಗಿತ್ತು. ಅದಕ್ಕೂ ಮೊದಲು, 1878ರ ಕೊನೆಯ ದಿನ, ಇಟಲಿಯ ಜೆಸ್ವಿತ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದಿದ್ದರು. ಜನ ಮಾತ್ರ ಅದಕ್ಕಿಂತ ಬಹಳ ಹಿಂದಿನವರು. ಗೋವೆಯಿಂದ ದಕ್ಷಿಣಕ್ಕೆ ಸರಿದು ಬಂದವರ ವಂಶದವರಿವರು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಉಳಿದವರು 1799ರ ಬಳಿಕ ಹಿಂತಿರುಗಿ ಗದ್ದೆ ತೋಟಗಳನ್ನು ಮತ್ತೆ ಹಿಡಿದರು. ಹಲವರದು ಗೇಣಿಯ ಬದುಕು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿ ರದ್ದಾಗುವವರೆಗೂ ಒಡೆಯನ ಮನೆಯ ಅಂಗಳ, ಇಗರ್ಜಿಯ ಅಂಗಳ ಎಂಬ ಎರಡು ಅಂಗಳಗಳ ನಡುವೆ ಅವರ ವರ್ಷ ಉರುಳುತ್ತಿತ್ತು.

ವರ್ಷವನ್ನು ಬಿಡೋಣ, ವಾರವನ್ನು ನೋಡೋಣ. ಚರಿತ್ರೆಕಾರರು ಹಬ್ಬಗಳನ್ನು ಬರೆಯುತ್ತಾರೆ, ವಾರಗಳನ್ನು ಬರೆಯುವುದಿಲ್ಲ. ಸಣ್ಣ ಇಗರ್ಜಿಯೊಂದು ಬದುಕುವುದು ವಾರದಲ್ಲಿಯೇ.

ದಿನಕ್ಕೆ ಮೂರು ಸಲ, ಮುಂಜಾನೆ, ನಡುಹಗಲು, ಮುಸ್ಸಂಜೆ, ದೇವದೂತನ ಪ್ರಾರ್ಥನೆಯ ಗಂಟೆ. ಮೂರು ಮೂರು ಪೆಟ್ಟುಗಳು, ಆಮೇಲೆ ಬಿಡದೆ ಒಂದಷ್ಟು. ಕೈಗಡಿಯಾರವಿಲ್ಲದ ಕಾಲದಲ್ಲಿ ಗದ್ದೆಯಲ್ಲಿ ನೇಜಿ ನೆಡುವವರಿಗೆ, ಅವರು ಯಾವ ಮತದವರಾದರೂ, ಅದೇ ಗಡಿಯಾರ. ಯಾರಾದರೂ ತೀರಿಕೊಂಡರೆ ಅದೇ ಗಂಟೆ ನಿಧಾನವಾಗಿ, ಬಿಟ್ಟುಬಿಟ್ಟು ಬಾರಿಸುತ್ತದೆ. ಕೆಲಸ ನಿಲ್ಲಿಸಿ ಯಾರ ಮನೆಯೆಂದು ವಿಚಾರಿಸುತ್ತಾರೆ.

ಸಂಜೆಯ ಗಂಟೆಯಾದ ಮೇಲೆ ಮನೆಯೊಳಗೆ ತೇರ್ಸ್, ಎಂದರೆ ಜಪಸರ. ಐದು ಹತ್ತುಗಳಾಗಿ ಐವತ್ತು ಬಾರಿ ಮರಿಯಮ್ಮನಿಗೆ ವಂದನೆ. ವಾರಕ್ಕೊಂದು ಒಳಲೆಕ್ಕವಿರುವುದು ಇಲ್ಲಿಯೇ. ಸೋಮವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಆದಿತ್ಯವಾರ ಮಹಿಮೆಯವು. ಗುರುವಾರಕ್ಕೆ ಬೆಳಕಿನ ರಹಸ್ಯಗಳು ಸೇರಿದ್ದು 2002ರಲ್ಲಿ. ಹಳೆಯ ಕ್ರಮದಲ್ಲಿ ಗುರುವಾರ ಸಂತೋಷದ್ದು, ಶನಿವಾರ ಮಹಿಮೆಯದು. ಜಪ ಮುಗಿದೊಡನೆ ಕಿರಿಯರು ಹಿರಿಯರೆದುರು ಕೈಮುಗಿದು ‘ಬೆಸಾಂವ್’ ಕೇಳುತ್ತಾರೆ, ಹಿರಿಯರು ಹರಸುತ್ತಾರೆ. ನಮ್ಮ ಮನೆಗಳಲ್ಲಿ ದೀಪ ಹಚ್ಚಿ, ಭಜನೆ ಹಾಡಿ, ಅಜ್ಜನ ಕಾಲು ಮುಟ್ಟುತ್ತಿದ್ದ ಹೊತ್ತೂ ಅದೇ. ಶುಕ್ರವಾರಗಳಿಗೆ, ಅದರಲ್ಲೂ ತಪಸ್ಸುಕಾಲದಲ್ಲಿ, ಮಾಂಸವಿಲ್ಲ; ಶಿಲುಬೆಯ ಹಾದಿಯ ಹದಿನಾಲ್ಕು ನಿಲುಗಡೆಗಳ ಪ್ರಾರ್ಥನೆಯುಂಟು. ಶನಿವಾರ ಇಗರ್ಜಿ ಗುಡಿಸುವುದು, ಬಲಿಪೀಠಕ್ಕೆ ಹೂವಿಡುವುದು, ‘ಕುಮ್ಸಾರ್’ ಎನ್ನುವ ಪಾಪನಿವೇದನೆ.

ಆಮೇಲೆ ಆದಿತ್ಯವಾರ. ಹಳಬರ ಕಾಲದ ಪೂಜೆ ಅಷ್ಟು ಬೆಳಗ್ಗೆಯೇ ಏಕೆ ಇರುತ್ತಿತ್ತೆಂಬುದಕ್ಕೆ ಕಾರಣವುಂಟು. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಮುಟ್ಟಬಾರದೆಂಬ ನಿಯಮವಿತ್ತು. ನೀರಿಗೆ 1953ರಲ್ಲಿ ವಿನಾಯಿತಿ ಬಂತು. 1957ರಲ್ಲಿ ಉಪವಾಸ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಅದಕ್ಕೂ ಮುನ್ನ ಗುಡ್ಡ ಹತ್ತಿ, ಸಂಕ ದಾಟಿ, ಮೈಲುಗಟ್ಟಲೆ ಬರಿಹೊಟ್ಟೆಯಲ್ಲಿ ನಡೆದು ಬರುತ್ತಿದ್ದರು. ಪೂಜೆ ಮುಗಿಸಿ ಹೊರಬಂದವರಿಗೆ ಹತ್ತಿರದ ಚಹಾದಂಗಡಿ ಎಷ್ಟು ಪ್ರಿಯವಾಗಿದ್ದಿರಬೇಕು! ಮಕ್ಕಳಿಗೆ ‘ದೊತೊರ್ನ್’, ಅಂದರೆ ಧರ್ಮಪಾಠ. ದೊಡ್ಡವರಿಗೆ ಅಂಗಳದಲ್ಲಿ ಅಡಕೆಯ ಧಾರಣೆ, ಮದುವೆಯ ಮಾತು, ಮುಂಬಯಿಯಿಂದಲೋ ಗಲ್ಫಿನಿಂದಲೋ ಬಂದ ಸುದ್ದಿ.

ಇಗರ್ಜಿಗೆ ಸೇರಿದ ಮನೆಗಳು ವಾಡೆಗಳಾಗಿ ವಿಂಗಡಿಸಲ್ಪಟ್ಟಿವೆ. ಪ್ರತಿ ವಾಡೆಗೊಬ್ಬ ‘ಗುರ್ಕಾರ’. ಈ ಪದವನ್ನು ಕೇಳಿದೊಡನೆ ತುಳುನಾಡಿನವರಿಗೆ ತಮ್ಮ ತಮ್ಮ ಸಮುದಾಯದ ‘ಗುರಿಕಾರ’ನು ನೆನಪಾಗದಿರನು. ರೋಮಿನಿಂದ ಬಂದ ಆಡಳಿತಕ್ಕೆ ಊರು ತನ್ನ ಹೆಸರನ್ನಿಟ್ಟುಕೊಂಡ ಬಗೆಯಿದು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಕೂಡ ಹೀಗೆಯೇ. ಒಂಬತ್ತು ದಿನ ಮಕ್ಕಳು ಬಾಲಮರಿಯೆಗೆ ಹೂವರ್ಪಿಸುತ್ತಾರೆ. ಹಬ್ಬದ ದಿನ ಹರಸಿ ಕೊಟ್ಟ ಹೊಸ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಹಾಲಿನಲ್ಲಿ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದಿನ ಊಟ ಬಾಳೆಲೆಯ ಮೇಲೆ, ಪೂರ್ತಿ ಸಸ್ಯಾಹಾರ. ತುಳುವಿನಲ್ಲಿ ಅದು ಕುರಲ್ ಪರ್ಬ. ನಮ್ಮ ತೆನೆ ಕಟ್ಟುವ ಹಬ್ಬಕ್ಕೂ ಇದಕ್ಕೂ ನಂಟಿದೆಯೆಂದು ಹೇಳಲು ಪಂಡಿತರು ಬೇಕಿಲ್ಲ.

ಇನ್ನು ಭಾಷೆಯ ಮಾತು. 1960ರ ದಶಕದವರೆಗೆ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಗುರುಗಳು ಪೀಠದ ಕಡೆ ಮುಖಮಾಡಿ ಹೇಳುತ್ತಿದ್ದುದನ್ನು ಜನರು ಹಿಂದಿನಿಂದ ಕೇಳುತ್ತ ತಮ್ಮ ತಮ್ಮ ಜಪವನ್ನು ಮಾಡಿಕೊಳ್ಳುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಪೂಜಾವಿಧಿಯ ಶಾಸನವು ಜನರ ಭಾಷೆಗೆ ಬಾಗಿಲು ತೆರೆಯಿತು. ಕೊಂಕಣಿ ಪೀಠವನ್ನೇರಿತು, ಅದು ಏರಿದ್ದು ಕನ್ನಡ ಲಿಪಿಯಲ್ಲಿ. ಮಂಗಳೂರಿನ ಕೊಡಿಯಾಲಬೈಲ್ ಮುದ್ರಣಾಲಯ, 1912ರ ‘ಕೊಂಕಣಿ ದಿರ್ವೆಂ’, 1938ರಿಂದ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆ ಆ ಲಿಪಿಯನ್ನು ಮೊದಲೇ ಮನೆಮನೆಗೆ ಮುಟ್ಟಿಸಿದ್ದವು. ಪ್ರಾರ್ಥನಾ ಪುಸ್ತಕ, ಕೀರ್ತನೆಗಳ ಪುಸ್ತಕ, ಮದುವೆಯ ಕಾಗದ, ಗೋರಿಯ ಮೇಲಣ ಬರಹ, ಎಲ್ಲವೂ ನಮ್ಮ ಅಕ್ಷರಗಳೇ.

ಕೊಡುಕೊಳೆ ಒಮ್ಮುಖವಾಗಿರಲಿಲ್ಲ. ಕೊಂಕಣಿ ಮನೆಮಾತಿನ ಗೋವಿಂದ ಪೈಗಳು ಮಂಜೇಶ್ವರದಲ್ಲಿ ಕುಳಿತು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕನ್ನಡ ಖಂಡಕಾವ್ಯವಾಗಿ ಬರೆದರು. ಕ್ರೈಸ್ತರಲ್ಲದ ಕವಿಯೊಬ್ಬರು ಶಿಲುಬೆಯ ಹಾದಿಯನ್ನು ಇಷ್ಟು ತನ್ಮಯತೆಯಿಂದ ನಡೆದದ್ದು ನಮ್ಮ ನೆಲದಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಧರ್ಮಪ್ರಾಂತ್ಯದ ಗಡಿ ಆ ದಿನ ಕದಲಲಿಲ್ಲ. ಜಿಲ್ಲೆಯ ಉತ್ತರ ಭಾಗದ ಈ ಇಗರ್ಜಿಗಳು ಇಂದಿಗೂ ಮಂಗಳೂರಿನ ಬಿಷಪರ ಅಧೀನದಲ್ಲಿವೆ. ಗುರುಗಳು ಅಲ್ಲಿಂದ ಬರುತ್ತಾರೆ, ಸುತ್ತೋಲೆ ಅಲ್ಲಿಂದ ಬರುತ್ತದೆ. ದಕ್ಷಿಣ ಕನ್ನಡದಿಂದ ನಮ್ಮನ್ನು ಬೇರ್ಪಡಿಸಿದ ಗೆರೆಯನ್ನು ವಾರವಾರವೂ ಸದ್ದಿಲ್ಲದೆ ದಾಟುವ ಸಂಸ್ಥೆ ಇದು. ಸಂಘ ಸಮ್ಮೇಳನಗಳನ್ನು ಕಟ್ಟಿ ನಾವು ಮಾಡಲೆಳಸುವುದೂ ಇದನ್ನೇ.

ಆ ಹಾದಿ ಈಗ ಸವೆಯುತ್ತಿರುವುದು ಶಾಲೆಯ ಕಡೆಯಿಂದ. ಇಗರ್ಜಿಯ ಪಕ್ಕದಲ್ಲೊಂದು ಕನ್ನಡ ಶಾಲೆ ಹಿಂದೆ ಇಲ್ಲಿಯ ವಾಡಿಕೆ. ಅಲ್ಲಿ ಕಲಿತವರಲ್ಲಿ ಎಲ್ಲ ಜಾತಿಮತದವರೂ ಇದ್ದಾರೆ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳ ಕಡ್ಡಾಯವೆಂದಾಗ ನಾವು ಬೀದಿಗಿಳಿದೆವು. ಆದರೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವಾಗ ನಮ್ಮನ್ನು ಯಾರೂ ಒತ್ತಾಯಿಸಿರಲಿಲ್ಲ. ಕನ್ನಡ ಓದಲು ಬಾರದ ಕಥೋಲಿಕ ಮಗುವಿಗೆ ಕನ್ನಡ ಪದ್ಯದೊಡನೆ ತನ್ನ ಅಜ್ಜಿಯ ಕೊಂಕಣಿ ಪ್ರಾರ್ಥನೆಯೂ ಮುಚ್ಚಿಹೋಗುತ್ತದೆ. ಮಾತು ಬಾಯಲ್ಲಿದೆ, ಪುಸ್ತಕ ಕೈಯಲ್ಲಿದೆ, ನಡುವಿನ ಅಕ್ಷರವಿಲ್ಲ.

ಸಂಘದ ಸದಸ್ಯರಲ್ಲಿ ಒಂದು ಕೋರಿಕೆ. ಪ್ರತಿ ಇಗರ್ಜಿಯಲ್ಲಿಯೂ ಜ್ಞಾನಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕಗಳಿರುತ್ತವೆ. ಜ್ಞಾನಸ್ನಾನ, ಮದುವೆಗಳ ಮಟ್ಟಿಗೆ ಅದು 1563ರ ಟ್ರೆಂಟ್ ಮಹಾಸಭೆಯ ಕಾಲದಿಂದ ಬಂದ ಕಟ್ಟಳೆ. ಹಳೆಯವು ಲ್ಯಾಟಿನ್‌ನಲ್ಲಿದ್ದರೂ ಊರು, ಮನೆಗಳ ಹೆಸರು ನಮ್ಮವೇ. ಅವು ಗುರುಗಳ ಸುಪರ್ದಿಯಲ್ಲಿ ಸುರಕ್ಷಿತ. ಮನೆಯ ಅಟ್ಟದಲ್ಲಿರುವ ಹಳೆಯ ಪ್ರಾರ್ಥನಾ ಪುಸ್ತಕ, ‘ರಾಕ್ಣೊ’ ಸಂಚಿಕೆ, ಕೈಬರಹದ ಕೀರ್ತನೆಗಳಿಗೆ ಕಾವಲಿಲ್ಲ. ನಮ್ಮ ಮಳೆಗಾಲಕ್ಕೂ ಗೆದ್ದಲಿಗೂ ಅವು ಬಹುಕಾಲ ತಾಳಲಾರವು. ಮುಂದಿನ ಮಳೆಗೆ ಮುನ್ನ ಅವನ್ನು ಕೆಳಗಿಳಿಸಿ, ಬಿಸಿಲಿಗಿಟ್ಟು, ಒಂದು ಪಟ್ಟಿ ಮಾಡಿದರೂ ಸಾಕು.